ಹಂದಿಗೂ ನೆರಳು, ನೀರು ಬೇಕು

ಸಂಪಾದಕರೇ,

ರಾಯಚೂರಿನ ನಮ್ಮ ಓಣಿಯ ಚರಂಡಿಯಲ್ಲಿ ನಿನ್ನೆ ಮಧ್ಯಾಹ್ನ ಒಂದು ತಾಯಿ ಹಂದಿ ಮಲಗಿತ್ತು. ಕಿವಿ ತನಕ ಕಪ್ಪು ಕೆಸರು. ಪಕ್ಕದಲ್ಲಿ ಮರಿಯೊಂದು ಪ್ಲಾಸ್ಟಿಕ್ ಚೀಲ ಜಗಿಯುತ್ತಿತ್ತು. ನೋಡಿ ಸಂಕಟವಾಯಿತು.

ಹಂದಿಗೆ ಕೊಳಕೇ ಇಷ್ಟ ಅನ್ನೋದು ತಪ್ಪು. ಅದಕ್ಕೆ ನಮ್ಮಂತೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗಲ್ಲ. 40 ಡಿಗ್ರಿ ದಾಟುವ ನಮ್ಮೂರ ಬಿಸಿಲಲ್ಲಿ ಕೆಸರೇ ಗತಿ, ಅಲ್ವಾ? ಇದರ ಮೂಲ ಕಾಡುಹಂದಿ. ಅದು ಇರೋದು ಗಿಡಮರದ ನೆರಳು, ನೀರಿನ ಪಸೆ ಇರುವಲ್ಲಿ. ಮೂತಿಯಿಂದ ಮಣ್ಣು ಕೆದಕಿ ಗೆಡ್ಡೆ, ಹುಳು ತಿನ್ನುತ್ತದೆ. ಜಾಗ ಸಾಕಷ್ಟಿದ್ದರೆ ಸಾಕಿದ ಹಂದಿಯೂ ಮಲಗುವ ಕಡೆ ಗಲೀಜು ಮಾಡಲ್ಲ.

ಸಾಕುವವರಿಗೆ ಇದು ಹೊಟ್ಟೆಪಾಡು. ಊರ ಆಡಳಿತದವರೇ, ಹಂದಿಗಳನ್ನು ಸುಮ್ನೆ ಹಿಡಿದು ಸಾಗಿಸಬೇಡಿ. ಊರ ಹೊರಗೆ ನೆರಳು, ನೀರಿರುವ ಜಾಗ ಕೊಡಿ.

– ಓದುಗ, ರಾಯಚೂರು