ಆ ಪರೀಕ್ಷೆಗೆ ಕೂರಬೇಡ

ಪ್ರೀತಿಯ ತಂಗಿ,

ನಿನ್ನ ಕಾಗದ ಬಂತು. ಜೊತೆಗಿದ್ದ ಎರಡು ಕತೆಯನ್ನೂ ಓದಿದೆ. ಮೊದಲು ಆ ಭಾನುವಾರದ ವಿಷಯ. ಮಂಡ್ಯದಿಂದ ರೈಲು ಹತ್ತಿ ಮೈಸೂರಿಗೆ ಬಂದು, ಬೋರ್ಡ್ ಗೇಮ್ ಆಡುವವರ ಜೊತೆ ಕೂತರೆ ಒಬ್ಬ, ‘ನಿಜವಾಗ್ಲೂ ಆಡ್ತೀಯಾ, ಇಲ್ಲ ಸುಮ್ನೆ ಯಾರ ಜೊತೆಗೋ ಬಂದಿದ್ದೀಯಾ?’ ಎಂದು ಕೇಳಿ ನಿಯಮಗಳ ಮೇಲೆ ಪ್ರಶ್ನೆ ಶುರು ಮಾಡಿದನಂತೆ. ನೀನು ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟೆ. ಆದರೂ ಖುಷಿಯಾಗಲಿಲ್ಲ ಅಂತ ಬರೆದಿದ್ದೀಯ. ಹೇಗಾಗುತ್ತೆ? ಪಕ್ಕದಲ್ಲಿದ್ದ ಹುಡುಗನಿಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅಲ್ವಾ.

ನನಗೆ ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ನಿನ್ನ ಮೊದಲ ಕತೆ ಓದಿದಾಗ. ಅಲ್ಲೂ ನೀನು ಅವನಿಗೇ ಉತ್ತರ ಕೊಡುತ್ತಿದ್ದೀಯ. ಮೂರು ಪುಟದ ತುಂಬ ನೌಕೆಯ ಎಂಜಿನ್, ಗ್ರಹಗಳ ಹೆಸರು, ಯಾವುದಕ್ಕೆ ಎಷ್ಟು ಚಂದ್ರ. ಲೆಕ್ಕವೆಲ್ಲ ಸರಿಯಾಗಿದೆ. ಆದರೆ ನಾಯಕಿಗೆ ಹಸಿವಾಗುವುದು ನಾಲ್ಕನೇ ಪುಟದಲ್ಲಿ, ಕತೆ ಶುರುವಾಗುವುದೂ ಅಲ್ಲೇ. ಮೊದಲ ಮೂರು ಪುಟ ತೆಗೆದುಹಾಕು.

ಆ ಪರೀಕ್ಷಕರ ಬಗ್ಗೆ ಒಂದು ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಜೇಮ್ಸ್ ಟಿಪ್‌ಟ್ರೀ ಜೂನಿಯರ್ ಎಂಬ ಹೆಸರಿನಲ್ಲಿ ಒಬ್ಬರು ವೈಜ್ಞಾನಿಕ ಕತೆ ಬರೆಯುತ್ತಿದ್ದರು. ವ್ಯವಹಾರವೆಲ್ಲ ಕಾಗದದಲ್ಲೇ. ಬರೆಯುವವರು ಹೆಂಗಸಿರಬಹುದೇ ಅಂತ ಗುಸುಗುಸು ಎದ್ದಿತ್ತು. 1975ರಲ್ಲಿ ರಾಬರ್ಟ್ ಸಿಲ್ವರ್‌ಬರ್ಗ್ ಎಂಬ ಹೆಸರಾಂತ ಲೇಖಕ, ಅದು ಅಸಂಬದ್ಧ ಮಾತು, ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ ಎಂದು ಟಿಪ್‌ಟ್ರೀ ಕಥಾಸಂಕಲನದ ಮುನ್ನುಡಿಯಲ್ಲೇ ಬರೆದುಬಿಟ್ಟರು. ಸ್ವಲ್ಪ ದಿನಕ್ಕೆ ಗುಟ್ಟು ರಟ್ಟಾಯಿತು. ಟಿಪ್‌ಟ್ರೀ ಅಂದರೆ ಆಲಿಸ್ ಶೆಲ್ಡನ್, ಅರವತ್ತು ದಾಟಿದ ಹೆಂಗಸು! ಸಿಲ್ವರ್‌ಬರ್ಗ್ ತಮ್ಮದು ತಪ್ಪಾಯಿತೆಂದು ಒಪ್ಪಿಕೊಂಡರು, ಅದು ಅವರ ದೊಡ್ಡತನ. ಅಷ್ಟು ಓದಿಕೊಂಡವರ ಪಾಡೇ ಹಾಗಾದರೆ, ನಿನ್ನ ಭಾನುವಾರದ ಪರೀಕ್ಷಕನ ಮಾತು ಬಿಡು.

ಆಟದ ಹುಚ್ಚು ನಮ್ಮ ಕಡೆಗೆ ಬೆಂಗಳೂರಿನಿಂದ ಬಂದದ್ದು ಅಂದುಕೊಳ್ಳಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1868ರಲ್ಲಿ. ಚದುರಂಗದ ಕುದುರೆ ಎಲ್ಲ ಮನೆಗೂ ಒಂದೊಂದೇ ಸಲ ಹೋಗಿಬರುವ ಲೆಕ್ಕ ಬಿಡಿಸುತ್ತಾ, ಗಂಜೀಫಾ ಎಂಬ ಹಳೇ ಕಾಲದ ಇಸ್ಪೀಟಿನಂಥ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟುತ್ತಾ ಇದ್ದವರು. ದೊರೆ ಆಡಿದರೆ ಅದು ಕಲೆ. ಅರಮನೆಯಾಚೆ ನಮ್ಮ ಅಜ್ಜಿಯರು ಮಧ್ಯಾಹ್ನ ಕೆಲಸ ಮುಗಿಸಿ ಜಗಲಿಯ ಮೇಲೆ ಚೌಕಾಬಾರ ಹಾಕಿದರೆ ಅದು ಕಾಲಹರಣ! ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಒಂದೇ ನಿಯಮಕ್ಕೆ ಅವರು ಕವಡೆ ಬದಿಗಿಟ್ಟು ಜಗಳ ಆಡುತ್ತಿದ್ದರು. ಆದರೆ ಹೊಸದಾಗಿ ಬಂದ ಸೊಸೆಯನ್ನು ಪ್ರಶ್ನೆ ಕೇಳಿ ಕೂರಿಸುತ್ತಿರಲಿಲ್ಲ. ಕೂತುಕೋ, ಆಡ್ತಾ ಆಡ್ತಾ ಗೊತ್ತಾಗುತ್ತೆ ಅನ್ನುತ್ತಿದ್ದರು.

ನೀನು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕತೆ ಕಟ್ಟುವ ಆಟ, 1974ರದ್ದು. ಬರೆಯುವವಳಿಗೆ ಅದರಲ್ಲಿ ಕಲಿಯುವುದು ಬೇಕಾದಷ್ಟಿದೆ. ಇಪ್ಪತ್ತು ಮುಖದ ದಾಳ ಉರುಳಿಸಿ ಒಂದು ಬಿತ್ತು ಅನ್ನು. ಬಾಗಿಲು ತೆರೆಯಲಿಲ್ಲ. ಆಟ ನಡೆಸುವವರು ಒಳ್ಳೆಯವರಾಗಿದ್ದರೆ ಕತೆ ಅಲ್ಲಿಗೇ ನಿಲ್ಲಲು ಬಿಡುವುದಿಲ್ಲ. ಬೀಗದ ಸದ್ದಿಗೆ ಕಾವಲುಗಾರ ಎದ್ದ ಅನ್ನುತ್ತಾರೆ, ಕತೆ ಬೇರೆ ದಾರಿ ಹಿಡಿಯುತ್ತದೆ. ನಿನ್ನ ಎರಡನೇ ಕತೆಯ ನಾಯಕಿಗೆ ಮಾತ್ರ ದಾಳ ಒಂದು ಸಲವೂ ಕೈಕೊಡುವುದಿಲ್ಲ. ಹೋದಲ್ಲೆಲ್ಲ ಗೆಲುವು. ಹುಡುಗಿ ಗಟ್ಟಿಗಿತ್ತಿ ಅಂತ ತೋರಿಸುವ ಆಸೆ, ನನಗೆ ಅರ್ಥವಾಗುತ್ತದೆ. ಇದೂ ಆ ಪರೀಕ್ಷೆಯ ಹೆದರಿಕೆಯೇ ಕಣಮ್ಮ. ಅವಳು ಒಂದು ಸಲ ಸೋಲಲಿ. ಸೋತ ಮೇಲೆ ಯಾರ ಹತ್ತಿರ ಹೋಗುತ್ತಾಳೆ, ಅದನ್ನು ಬರೆ. ಇನ್ನೊಂದು ಮಾತು, ನೌಕೆಯ ಮೆಕ್ಯಾನಿಕ್ ಯಾಕೆ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾನೆ? ಮಂಡ್ಯದ ಬಾಯಿ ಕೊಡು ಅವನಿಗೆ.

ಇನ್ನು ಜೊತೆಗಾರರ ವಿಷಯ. ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಬಾಹ್ಯಾಕಾಶ ಕತೆಯ ಟಿವಿ ಧಾರಾವಾಹಿ 1966ರಲ್ಲಿ ಶುರುವಾಯಿತು. ಮಾರನೇ ವರ್ಷವೇ ಅದರ ಅಭಿಮಾನಿಗಳ ಮೊದಲ ಪತ್ರಿಕೆ ಬಂತು. ತಂದವರು ದೆವ್ರಾ ಲ್ಯಾಂಗ್ಸಮ್ ಮತ್ತು ಶೆರ್ನಾ ಕಾಮರ್‌ಫೋರ್ಡ್, ಇಬ್ಬರೂ ಹೆಂಗಸರು. ನಮ್ಮ ಸೈಕ್ಲೋಸ್ಟೈಲ್ ಥರದ್ದೇ ಅಚ್ಚು. ನಮ್ಮ ಕಾಲೇಜುಗಳಲ್ಲಿ ಕೈಬರಹದ ಪತ್ರಿಕೆ ಇರುತ್ತಿತ್ತಲ್ಲ, ಹಾಗೆ ನೀನೂ ಒಂದು ಮಾಡು. ಹಾಸ್ಟೆಲಿನ ಇಬ್ಬರು ಹುಡುಗಿಯರು ಮಂಗಾ ಅಂದರೆ ಜಪಾನಿನ ಚಿತ್ರಕತೆ ಓದುತ್ತಾರೆ, ಒಬ್ಬಳು ಚಿತ್ರ ಬರೆಯುತ್ತಾಳೆ ಅಂದೆಯಲ್ಲ, ಅಷ್ಟು ಸಾಕು. ಅವರಲ್ಲೂ ಯಾರು ಜಾಸ್ತಿ ಓದಿದವರು ಎಂಬ ಪೈಪೋಟಿ ಶುರುವಾಗಬಹುದು, ಹೆಂಗಸರ ಗುಂಪೆಂದರೆ ಅದೆಲ್ಲ ಇರುವುದಿಲ್ಲ ಎಂಬ ಭ್ರಮೆ ಬೇಡ. ಮೈಸೂರಿನ ಗುಂಪನ್ನೂ ಪೂರ್ತಿ ಬಿಡಬೇಡ. ಕತ್ತಲಾಯಿತೆಂದು ನಿನ್ನನ್ನು ಸ್ಟೇಷನ್ನಿಗೆ ಬಿಟ್ಟು ಬಂದವರೂ ಅಲ್ಲಿಯವರೇ ತಾನೆ? ಅವರ ಕೈಲೂ ಒಂದು ಲೇಖನ ಬರೆಸು.

ಮೊದಲ ಸಂಚಿಕೆಗೆ ಆ ಎರಡನೇ ಕತೆ ಹಾಕು, ನಾಯಕಿ ಸೋತ ಮೇಲೆ. ನನಗೊಂದು ಪ್ರತಿ ಇಟ್ಟಿರು. ಪುಕ್ಕಟೆ ಬೇಡ, ಬೆಲೆ ಎಷ್ಟು ಅಂತ ತಿಳಿಸು.

ಇಂತಿ ನಿನ್ನ ಅಕ್ಕ,
ಸರಸ್ವತೀಪುರಂ, ಮೈಸೂರು