ಹೆಬ್ಬಾತಿಗೆ ಮೂವತ್ತು ದೇಶ, ನಮ್ಮ ಒಟ್ಲಿಗೆ ಯಾರು?

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನುವ ಊರಿನ ಕೆರೆ ಬಯಲಿನ ರೈತ. ಒಂದೂವರೆ ಎಕರೆ ಗದ್ದೆ, ಪಕ್ಕದಲ್ಲಿ ಒಂದಿಷ್ಟು ಹುರುಳಿ ಹೊಲ. ಜನವರಿ ತಿಂಗಳಲ್ಲಿ ರಾತ್ರಿ ಏರಿಯ ಮೇಲೆ ನಿಂತರೆ ಕತ್ತಲಲ್ಲೇ ಸದ್ದು ಕೇಳುತ್ತದೆ. ಹಗಲೆಲ್ಲ ಕೆರೆಯಲ್ಲಿ ತೇಲುತ್ತಾ, ದಡದಲ್ಲಿ ತೂಕಡಿಸುತ್ತಾ ಇದ್ದ ಹೆಬ್ಬಾತುಗಳು ಸಂಜೆಯಾದ ಮೇಲೆ ಗದ್ದೆ ಕಡೆ ಹೊರಡುತ್ತವೆ. ರಾತ್ರಿಯೆಲ್ಲ ಮೇಯುತ್ತವೆ. ಬೆಳಕು ಹರಿಯುವ ಮುಂಚೆ ಸಾಲುಗಟ್ಟಿ ಮತ್ತೆ ನೀರಿಗೆ ಬರುತ್ತವೆ.

ಇವು ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಕೆರೆಗಳಲ್ಲಿ. ಚಳಿ ಶುರುವಾದರೆ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಗೊತ್ತಾಯಿತು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಲ್ಲಿ ಕುರಿ ಕಾಯುವವರು ಬೇಸಿಗೆಯಲ್ಲಿ ನೋಡುವ ಹಕ್ಕಿಯನ್ನೇ ನಾವು ಚಳಿಗಾಲದಲ್ಲಿ ನೋಡುತ್ತೇವೆ. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಂತ ನಷ್ಟವನ್ನು ಮುಚ್ಚಿಡುವುದಿಲ್ಲ. ಮೂರು ವರ್ಷದ ಹಿಂದೆ ಬೇಸಿಗೆ ಭತ್ತಕ್ಕೆ ಒಟ್ಲು, ಅಂದರೆ ಸಸಿಮಡಿ, ಹಾಕಿದ್ದೆವು. ಒಂದೇ ರಾತ್ರಿಯಲ್ಲಿ ಅದು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಸರಿನ ತುಂಬ ಹೆಜ್ಜೆ ಗುರುತು, ಹಿಕ್ಕೆ, ಅಲ್ಲೊಂದು ಇಲ್ಲೊಂದು ಸಸಿ. ನನ್ನ ತಾಯಿ ಬದುವಿನ ಮೇಲೆ ಕೂತುಬಿಟ್ಟರು. ಮತ್ತೆ ಬಿತ್ತನೆ ಬೀಜ ತಂದೆವು, ಸಾಲ ಮಾಡಿ. ಪರಿಹಾರ ಕೇಳಲು ಹೋದೆ. ಯಾವ ಕಚೇರಿ, ಯಾವ ಅಧಿಕಾರಿ ಅಂತ ಹೇಳಿ ಯಾರನ್ನೂ ದೂರುವುದಿಲ್ಲ. ಅಲ್ಲಿದ್ದವರು ಕೇಳಿದ್ದು ಇಷ್ಟೇ: ‘ಆನೆನಾ, ಹಂದಿನಾ?’ ಬಾತು ಅಂದೆ. ಅದಕ್ಕೆ ಅರ್ಜಿ ಇಲ್ಲ ಅಂದರು. ವಾಪಸ್ ಬಂದೆ.

ಹಕ್ಕಿಯ ಕಡೆಗೆ ಮಾತ್ರ ಬೇಕಾದಷ್ಟು ಕಾಗದ ಇದೆ. ವಲಸೆ ಪ್ರಾಣಿ ಪಕ್ಷಿಗಳನ್ನು ಕಾಪಾಡಲು 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಒಂದು ಒಪ್ಪಂದ ಆಯಿತು. ಭಾರತ 1983ರಲ್ಲಿ ಸೇರಿತು. 2020ರ ಫೆಬ್ರವರಿಯಲ್ಲಿ ಅದರ ಮಹಾಸಭೆ ನಮ್ಮದೇ ದೇಶದ ಗಾಂಧಿನಗರದಲ್ಲಿ ನಡೆಯಿತು. ಸೈಬೀರಿಯಾದಿಂದ ನಮ್ಮ ಕಡೆ ಬರುವ ಹಕ್ಕಿಗಳ ದಾರಿಗೆ ಮಧ್ಯ ಏಷ್ಯಾ ಹಾರುದಾರಿ ಅಂತ ಹೆಸರು. ಅದು ಮೂವತ್ತು ದೇಶಗಳ ಮೇಲೆ ಹಾದುಹೋಗುತ್ತದೆ. 2024ರಲ್ಲಿ ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ಆದ ಅದೇ ಒಪ್ಪಂದದ ಸಭೆಯಲ್ಲಿ ಆ ದೇಶಗಳನ್ನು ಜೋಡಿಸುವ ಹೊಣೆಯೂ ಭಾರತದ ಪಾಲಿಗೆ ಬಂತು. ನನಗೆ ಇದು ಹೆಮ್ಮೆಯೇ. ಆದರೆ ಮೂವತ್ತು ದೇಶಗಳ ದಾರಿ ಮುಗಿಯುವುದು ನಮ್ಮ ಒಟ್ಲಿನಲ್ಲಿ. ಆ ಹಕ್ಕಿಗೆ ನಾಲ್ಕು ತಿಂಗಳು ಊಟ ಹಾಕುವವರು ನಾವು. ನಮ್ಮ ಹೆಸರು ಯಾವ ಕಾಗದದಲ್ಲೂ ಇಲ್ಲ.

ಸಚಿವರೇ, ಇದಕ್ಕೆ ದಾರಿ ಇಲ್ಲದೆ ಇಲ್ಲ. ಪಕ್ಕದ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರನ್ನು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರಕ್ಕೆ ಬಲೆ ಕಟ್ಟಿಲ್ಲ, ಹಕ್ಕಿ ಓಡಿಸಿಲ್ಲ. ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ಪದ್ಧತಿ ಬಂತು. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಹಣ ಸಾಕಾಗುತ್ತದಾ ಅನ್ನುವುದು ಬೇರೆ ಮಾತು. ಆದರೆ ಹಕ್ಕಿ ಸಾಕುವ ಮನೆಗೆ ಸರ್ಕಾರ ಏನಾದರೂ ಕೊಡಬೇಕು ಅನ್ನುವ ತತ್ವ ಅಲ್ಲಿ ಒಪ್ಪಿಗೆಯಾಗಿದೆ. ಮರಕ್ಕೆ ಒಪ್ಪಿದ್ದು ಗದ್ದೆಗೆ ಯಾಕೆ ಬೇಡ?

ಬೇರೆ ದೇಶಗಳಲ್ಲಿ ಗದ್ದೆಗೂ ಒಪ್ಪಿದ್ದಾರೆ. ಸ್ಕಾಟ್ಲೆಂಡಿನ ಐಲೆ ದ್ವೀಪಕ್ಕೆ ಚಳಿಗಾಲದಲ್ಲಿ ಸಾವಿರಾರು ಹೆಬ್ಬಾತುಗಳು ಬಂದು ರೈತರ ಹುಲ್ಲು ಮೇಯುತ್ತವೆ. ಅಲ್ಲಿ ರೈತರಿಗೆ ಸರ್ಕಾರ ಹಣ ಕೊಡುತ್ತದೆ. ನೆದರ್ಲೆಂಡ್ಸ್‌ನಲ್ಲೂ ಹೆಬ್ಬಾತು ಮೇಯ್ದ ಬೆಳೆಗೆ ಪರಿಹಾರ ಇದೆ. ಭೂತಾನದ ಫೋಬ್ಜಿಖಾ ಕಣಿವೆಗೆ ಕಪ್ಪು ಕತ್ತಿನ ಕ್ರೌಂಚಗಳು ಬರುತ್ತವೆ. ಊರಿಗೆ ಕರೆಂಟ್ ಬೇಕಿತ್ತು. ಕಂಬ, ತಂತಿ ಹಾಕಿದರೆ ಹಕ್ಕಿ ಡಿಕ್ಕಿ ಹೊಡೆದು ಸಾಯುತ್ತವೆ. ಆಸ್ಟ್ರಿಯಾದ ನೆರವು ಪಡೆದು ನೆಲದೊಳಗೆ ಕೇಬಲ್ ಹಾಕಿದರು. ಮನೆಗೆ ದೀಪವೂ ಬಂತು, ಹಕ್ಕಿಯೂ ಉಳಿಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ನಾಗಾಲ್ಯಾಂಡಿನ ಪಾಂಗ್ತಿ ಊರಿನ ಕಥೆ. ಅಮುರ್ ಫಾಲ್ಕನ್ ಅಂತ ಒಂದು ಪುಟ್ಟ ಡೇಗೆ. ಮಂಗೋಲಿಯಾ, ಚೀನಾ ಕಡೆಯಿಂದ ಹೊರಟು ಆಫ್ರಿಕಾದ ತುದಿಗೆ ಹೋಗುವ ದಾರಿಯಲ್ಲಿ ದೋಯಾಂಗ್ ಜಲಾಶಯದ ಹತ್ತಿರ ಇಳಿಯುತ್ತದೆ. 2012ರಲ್ಲಿ ಅಲ್ಲಿನ ಜನ ಬಲೆ ಹಾಕಿ ಸಾವಿರ ಸಾವಿರ ಹಕ್ಕಿ ಹಿಡಿದು ಮಾರಿದರು. ಅದು ಅವರಿಗೆ ವರ್ಷದ ಒಂದು ಸಂಪಾದನೆ. ದೇಶ ವಿದೇಶದಲ್ಲಿ ಸುದ್ದಿಯಾಯಿತು. ಬರೀ ಬೈದು ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಹಕ್ಕಿ ಉಳಿಸಲು ಹೊರಟವರು ಊರಿನ ಜನರ ಹತ್ತಿರ ಕೂತು ಮಾತಾಡಿದರು. ಊರಿನ ಸಭೆಯೇ ಬಲೆ ನಿಲ್ಲಿಸಲು ತೀರ್ಮಾನ ಮಾಡಿತು. ಮರುವರ್ಷ ಭಾರತದ ವನ್ಯಜೀವಿ ಸಂಸ್ಥೆಯವರು ಹಂಗೇರಿಯ ವಿಜ್ಞಾನಿಗಳ ಜೊತೆ ಸೇರಿ ಮೂರು ಹಕ್ಕಿಗಳಿಗೆ ಉಪಗ್ರಹ ಯಂತ್ರ ಕಟ್ಟಿದರು. ಒಂದಕ್ಕೆ ಪಾಂಗ್ತಿ ಅಂತಲೇ ಹೆಸರಿಟ್ಟರು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಅರಬ್ಬಿ ಸಮುದ್ರ ದಾಟಿದ್ದನ್ನು ಆ ಜನ ಕೇಳಿ ತಿಳಿದರು. ಆಮೇಲೆ ಅಲ್ಲಿಗೆ ಹಕ್ಕಿ ನೋಡಲು ಜನ ಬರಲು ಶುರುವಾದರು.

ನಾವಂತೂ ಹೆಬ್ಬಾತನ್ನು ಕೊಲ್ಲುವವರಲ್ಲ. ಡಬ್ಬ ಬಡಿಯುತ್ತೇವೆ, ಹೆಚ್ಚೆಂದರೆ ಪಟಾಕಿ. ಅದನ್ನೂ ಬಿಡಲು ಸಿದ್ಧ ಇದ್ದೇವೆ.

ನಾನು ಕೇಳುವುದು ಏನೆಂದರೆ, ಕೆರೆಗೆ ಹತ್ತಿದ ಕೆಲವು ಗದ್ದೆಗಳನ್ನು ಡಿಸೆಂಬರ್‌ನಿಂದ ಮಾರ್ಚ್ ತನಕ ಹೆಬ್ಬಾತಿಗೆ ಅಂತಲೇ ಬಿಡೋಣ. ಕೊಯ್ಲಾದ ಮೇಲೆ ಕೂಳೆ ಉಳದೆ ಹಾಗೇ ಇರಲಿ, ಒಂದಷ್ಟು ಕಡೆ ಹುರುಳಿ ಚೆಲ್ಲೋಣ. ಆ ರೈತರಿಗೆ ಎಕರೆ ಲೆಕ್ಕದಲ್ಲಿ ಗೇಣಿ ಕೊಡಿ. ಹತ್ತಿರದಲ್ಲೇ ಮೇವು ಸಿಕ್ಕರೆ ದೂರದ ಒಟ್ಲಿಗೆ ಹೋಗುವ ಹಕ್ಕಿ ಕಡಿಮೆಯಾಗುತ್ತದೆ ಅಂತ ನನ್ನ ಲೆಕ್ಕ. ಆದರೂ ಹೋಗಿ ತಿಂದರೆ ಪರಿಹಾರದ ಪಟ್ಟಿಯಲ್ಲಿ ಹೆಬ್ಬಾತು ಅನ್ನುವ ಹೆಸರು ಸ್ಪಷ್ಟವಾಗಿ ಇರಲಿ. ಬೇರೆ ಹಳ್ಳಿಗಳಿಗೂ ಇದು ಬೇಕು. ಕಗ್ಗಲೀಪುರ, ನರಸಾಂಬುಧಿ ಕೆರೆಗಳಿಗೂ ಇವು ಬರುತ್ತವಲ್ಲ.

ಇದನ್ನು ನಡೆಸುವ ಜಾಗ ಕಾನೂನಿನಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಬರೆಯಬೇಕು. ಕೆರೆ ನೀರು ಬಿಡುವ ನೀರುಗಂಟಿಯನ್ನು ಆ ಸಮಿತಿಯಲ್ಲಿ ಕೂರಿಸಿ. ಹಕ್ಕಿ ಯಾವ ವಾರ ಬರುತ್ತದೆ, ಯಾವ ತೂಬಿನ ಬಯಲಿಗೆ ಮೊದಲು ಇಳಿಯುತ್ತದೆ ಅಂತ ಅವರಿಗೆ ಗೊತ್ತು. ಹಣ ಹುಟ್ಟಿಸುವ ದಾರಿಯೂ ಇದೆ. ಜಿಇಎಫ್ ಅನ್ನುವ ಜಾಗತಿಕ ಪರಿಸರ ನಿಧಿ 1992ರಿಂದ ಹಳ್ಳಿ ಸಂಘಗಳಿಗೆ ಸಣ್ಣ ಅನುದಾನ ಕೊಡುತ್ತಾ ಬಂದಿದೆ. ಅಂಥ ಅರ್ಜಿ ಬರೆಯುವುದು ನಮಗೆ ಗೊತ್ತಿಲ್ಲ. ಗೊತ್ತಿರುವ ಒಬ್ಬರನ್ನು ಒಂದು ತಿಂಗಳ ಮಟ್ಟಿಗೆ ನಮ್ಮ ಪಂಚಾಯಿತಿಗೆ ಕಳಿಸಿ.

ಕೆರೆ ಅಭಿವೃದ್ಧಿ ಬಗ್ಗೆಯೂ ಹೇಳಬೇಕು. ಹೂಳು ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಜೆಸಿಬಿ ತಂದು ಸುತ್ತ ಕಡಿದಾಗಿ ಕೊರೆದು, ದಡಕ್ಕೆ ಕಲ್ಲು ಕಟ್ಟಿ, ಮೇಲೊಂದು ವಾಕಿಂಗ್ ದಾರಿ ಮಾಡಿದರೆ ಹೆಬ್ಬಾತು ಇಳಿಯುವುದು ಎಲ್ಲಿ? ಅದಕ್ಕೆ ಬೇಕಾದ್ದು ಮೊಣಕಾಲುದ್ದ ನೀರು, ಇಳಿಜಾರು ದಡ, ಹುಲ್ಲು. ದನ ನೀರು ಕುಡಿಯಲು ಬೇಕಾದ್ದೂ ಅದೇ. ಮೀನಿನ ಗುತ್ತಿಗೆ ಕೊಡುವಾಗ ಹಕ್ಕಿ ಇರುವ ತಿಂಗಳುಗಳಿಗೆ ಕೆರೆಯ ಒಂದು ಭಾಗ ಬಿಡಬೇಕು ಅಂತ ಷರತ್ತು ಹಾಕಿ, ಗುತ್ತಿಗೆಯಲ್ಲಿ ಅಷ್ಟು ಕಡಿಮೆ ಮಾಡಿ. ಮೀನು ಹಿಡಿಯುವವರ ಹೊಟ್ಟೆಯ ಮೇಲೆ ಹೊಡೆದು ಹಕ್ಕಿ ಉಳಿಸುವುದು ಬೇಡ.

ಇನ್ನೊಂದು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು. ಅದರಲ್ಲಿ ಜಾಸ್ತಿ ಇದ್ದದ್ದು ಇದೇ ಪಟ್ಟೆತಲೆಗಳು. ಅಂಥ ಸುದ್ದಿ ಮೇಲಿನ ದೇಶಗಳಲ್ಲಿ ಬಂದ ದಿನವೇ ನಮ್ಮ ಕೋಳಿ ಸಾಕುವ ಹೆಂಗಸರಿಗೂ ತಲುಪಬೇಕು. ಒಂದು ಫೋನ್ ಸಂದೇಶ ಸಾಕು.

ರಂಗನತಿಟ್ಟು 2022ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ಪಟ್ಟಿ, ಸೇರಿತು, ನಮ್ಮ ರಾಜ್ಯದಲ್ಲಿ ಮೊದಲನೆಯದು. 2024ರಲ್ಲಿ ಗದಗದ ಮಾಗಡಿ ಕೆರೆ ಸೇರಿತು. ಅದೂ ಹೆಬ್ಬಾತಿನ ಕೆರೆಯೇ. ಹದಿನಾರು ಕೆರೆಯನ್ನೂ ಸೇರಿಸಲು ಆಗುತ್ತದಾ ಪರಿಶೀಲಿಸಿ. ಆದರೆ ಬೋರ್ಡ್ ಹಾಕುವ ಮೊದಲು ಗ್ರಾಮಸಭೆ ಕರೆಯಿರಿ. ಬೇಲಿ ಬರುತ್ತದಾ, ದನ ಬಿಡಬಹುದಾ ಅಂತ ಜನ ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟು ಮುಂದುವರಿಯಿರಿ.

ಪ್ರತಿ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲೆಲ್ಲ ನೀರುಹಕ್ಕಿ ಎಣಿಕೆ ನಡೆಯುತ್ತದೆ, 1987ರಿಂದ. ಈ ಸಲ ಎಣಿಕೆಯ ದಿನ ನೀವೂ ಬನ್ನಿ. ಬೆಳಿಗ್ಗೆ ಐದೂವರೆಗೆ ಇಲ್ಲಿರಬೇಕು. ಕಾರುಗಳನ್ನು ಊರಲ್ಲೇ ನಿಲ್ಲಿಸಿ, ಏರಿಯ ಮೇಲೆ ನಡೆದು ಬನ್ನಿ. ಗದ್ದೆಯಿಂದ ವಾಪಸ್ ಬರುವ ಹಕ್ಕಿಗಳನ್ನು ನೋಡಿ. ಆಮೇಲೆ ಬಿಸಿಲೇರುವ ಮುಂಚೆ ನಮ್ಮ ಒಟ್ಲಿನ ಹತ್ತಿರ ಹೋಗೋಣ. ನನ್ನ ತಾಯಿಯೂ ಅಲ್ಲಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಹದಿನಾರು ಕೆರೆ ಬಯಲಿನ ಒಬ್ಬ ರೈತ