ಸ್ಟಾರ್ಟರ್ ಪೆಟ್ಟಿಗೆ ಮುಂದೆ ನಿಂತ ಮಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನೆ ಫೋನ್ ಇಟ್ಟಮೇಲೆ ನಿದ್ದೆ ಹತ್ತಲಿಲ್ಲ. ನೀನು ‘ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 571 ಬಂದಿದೆ, ಸೈನ್ಸ್ ಕೊಡಿಸಲೋ ಕಾಮರ್ಸ್ ಕೊಡಿಸಲೋ, ನೀನೇ ಹೇಳು’ ಅಂದೆ. ಅವಳೇನಂತಾಳೆ ಅಂತ ನಾನು ಕೇಳಿದ್ದಕ್ಕೆ ‘ಅವಳಿಗೇನು ಗೊತ್ತಾಗುತ್ತೋ, ಇನ್ನೂ ಹದಿನಾರು’ ಅಂದುಬಿಟ್ಟೆ. ನಮಗೆ ಹದಿನಾರಾಗಿದ್ದಾಗ ನಮ್ಮಪ್ಪಂದಿರೂ ಇದೇ ಮಾತು ಆಡಿದ್ದರು ಕಣೋ. ನೀನು ಒಪ್ಪಿದ ಮೇಲೆ ಈ ಪತ್ರವನ್ನು ನಾಲ್ಕು ಜನಕ್ಕೆ ಕಾಣುವಂತೆ ಹಾಕುತ್ತೇನೆ. ರಿಸಲ್ಟ್ ಬಂದ ಈ ವಾರ ಎಷ್ಟು ಮನೆಗಳಲ್ಲಿ ಇದೇ ತಳಮಳವೋ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಮಾರ್ಕ್ಸ್ ಬಂತು ಅನ್ನೋ ಒಂದೇ ಕಾರಣಕ್ಕೆ ಸೈನ್ಸಿನ ಪಿಸಿಎಂಬಿಗೆ ಹಾಕಿದರು, ಸೆಕೆಂಡ್ ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಯಿತು, ಊರಲ್ಲಿ ಮುಖ ತೋರಿಸಲಾಗದೆ ತಿಪಟೂರಿನ ಸೋದರಮಾವನ ಕೊಬ್ಬರಿ ಮಂಡಿಗೆ ಹೋದೆ. ಇನ್ನರ್ಧ ಹೇಳಿರಲಿಲ್ಲ. ಒಂದು ಸಂಜೆ ದಿನದ ಲೆಕ್ಕ ಬರೆಯುವ ಕಿರ್ದಿ ಪುಸ್ತಕದಲ್ಲಿ 64 ರೂಪಾಯಿ ತಾಳೆಯಾಗಲಿಲ್ಲ. ಮಾವ ‘ನಾಳೆ ನೋಡಿದರಾಯ್ತು, ಏಳು’ ಅಂದು ಮನೆಗೆ ಹೋದರು. ನಾನು ಏಳಲಿಲ್ಲ. ತೂಕದ ಚೀಟಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಒಂದೊಂದಾಗಿ ಖಾತೆಗೆ ಹೊಂದಿಸುತ್ತಾ ಕೂತೆ. ಕೊನೆಗೂ ಸಿಕ್ಕಿತು: ಒಬ್ಬ ರೈತರ ಲೆಕ್ಕದಲ್ಲಿ ಹಮಾಲಿ ಕೂಲಿಯನ್ನು ಎರಡು ಸಲ ಮುರಿದುಕೊಂಡುಬಿಟ್ಟಿದ್ದರು. ತಲೆ ಎತ್ತಿ ನೋಡಿದರೆ ಹತ್ತು ಗಂಟೆ, ಹೊಟ್ಟೆ ಹಸಿದದ್ದೂ ಗೊತ್ತಾಗಿರಲಿಲ್ಲ. ಎರಡು ವರ್ಷ ಕಾಲೇಜಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂರಲು ಒದ್ದಾಡಿದ ಹುಡುಗ ಅವನೇ. ಆಮೇಲೆ ಪ್ರೈವೇಟಾಗಿ ಕಾಮರ್ಸ್ ಕಟ್ಟಿದ್ದು, ಬಿಕಾಂ, ಈಗ ಸೊಸೈಟಿಯ ಲೆಕ್ಕ, ಎಲ್ಲಾ ಶುರುವಾದದ್ದು ಆ ರಾತ್ರಿ. ಅದಕ್ಕೂ ಮೊದಲು ನಿನಗೇನಿಷ್ಟ ಅಂತ ಯಾರು ಕೇಳಿದ್ದರೂ ನನ್ನಲ್ಲಿ ಉತ್ತರ ಇರಲಿಲ್ಲ. ಕೆಲಸದ ಮುಂದೆ ಕೂತಮೇಲೇ ನನಗೆ ನಾನು ಗೊತ್ತಾದದ್ದು.

ಈಗ ನಿನ್ನ ಮಗಳ ವಿಷಯ. ಹೋದ ದೀಪಾವಳಿಗೆ ನಾನು ಬಂದಾಗ ಬೋರ್‌ವೆಲ್ ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಕೆಟ್ಟಿತ್ತು, ನೆನಪಿದೆಯಾ? ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿ, ಸುಟ್ಟ ಪಾಯಿಂಟುಗಳನ್ನು ಉಪ್ಪು ಕಾಗದದಲ್ಲಿ ಉಜ್ಜುತ್ತಿದ್ದ. ನಾವಿಬ್ಬರೂ ಮಾತಾಡುತ್ತಾ ನಿಂತಿದ್ದೆವು. ಅವಳು ಮಾತ್ರ ಅವನ ಹೆಗಲ ಹಿಂದಿನಿಂದ ಅಲ್ಲಾಡಲಿಲ್ಲ. ಒಳಗಿದ್ದ ತಂತಿಗಳನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ನೀನು ಇದಿಷ್ಟೇ ನೋಡಿದ್ದರೆ ‘ಸರಿ, ಇಂಜಿನಿಯರಿಂಗ್’ ಅಂತೀಯ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ರಾತ್ರಿ ಊಟ ಆದಮೇಲೆ ಜಗಲಿಯಲ್ಲಿ ಅಜ್ಜಿಗೆ ಹೇಳುತ್ತಿದ್ದಳು: ‘ಹಸಿರು ಗುಂಡಿ ಒತ್ತಿದರೆ ಒಳಗಿರೋ ಸುರುಳಿ ಅಯಸ್ಕಾಂತ ಆಗುತ್ತೆ ಅಜ್ಜಿ, ತಗಡನ್ನ ಎಳ್ಕೊಂಡು ಹಿಡ್ಕೊಳ್ಳುತ್ತೆ, ನಾವು ಕೈ ತೆಗೆದ್ರೂ ಬಿಡಲ್ಲ. ಕರೆಂಟ್ ಹೋದ್ರೆ ಬಿಟ್ಬಿಡುತ್ತೆ.’ ನಿಮ್ಮಮ್ಮ ಥಟ್ಟನೆ ‘ಓ, ಅದಕ್ಕೇ ಕರೆಂಟು ಬಂದಮೇಲೆ ಮತ್ತೆ ಹೋಗಿ ಒತ್ತಬೇಕು ಅನ್ನು’ ಅಂದರು. ಆಗ ಆ ಹುಡುಗಿಯ ಮುಖ ನೋಡಬೇಕಿತ್ತು. ತಂತಿ ಬರೆದುಕೊಳ್ಳುವಾಗಲೂ ಅಷ್ಟು ಅರಳಿರಲಿಲ್ಲ.

ಅವಳಿಗೆ ಸೇರಿದ್ದು ಯಂತ್ರವೋ, ಇನ್ನೊಬ್ಬರಿಗೆ ತಿಳಿಸಿ ಹೇಳುವ ಕೆಲಸವೋ? ನನಗಂತೂ ತೀರ್ಮಾನಿಸಲು ಆಗಲಿಲ್ಲ. ನೀನೂ ಆತುರಪಡಬೇಡ.

ಸೈನ್ಸ್ ತೆಗೆದುಕೊಂಡರೆ ಮುಂದೆ ಎತ್ತ ಬೇಕಾದರೂ ಹೊರಳಬಹುದು ಅಂದೆಯಲ್ಲ, ಅದು ಸುಳ್ಳಲ್ಲ. ಪಿಯುಸಿ ಮುಗಿಸಿ ಬಿಇಗೆ ಹೋಗಬೇಕಾದರೆ ಗಣಿತ ಬೇಕೇ ಬೇಕು, ಬಯಾಲಜಿ ಓದದೆ ನೀಟ್ ಇಲ್ಲ. ಆದರೆ ಲಾಗೆ, ಸಿಎಗೆ, ಕೆಎಎಸ್‌ಗೆ ಇಂಥದೇ ಕಾಂಬಿನೇಶನ್ ಓದಿರಬೇಕು ಅಂತಿಲ್ಲ. ಯಂತ್ರವೇ ಅವಳ ದಾರಿಯಾದರೆ ಪಿಯುಸಿಯೇ ಬೇಕೆಂದೂ ಇಲ್ಲ. ಪಾಲಿಟೆಕ್ನಿಕ್‌ನಲ್ಲಿ 3 ವರ್ಷ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರಿಗೇ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐನ ಎಲೆಕ್ಟ್ರಿಷಿಯನ್ 2 ವರ್ಷ. ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಅಚ್ಚು, ಉಪಕರಣ ಮಾಡಲು ಕಲಿಸುವ ಟೂಲ್ ಅಂಡ್ ಡೈ ಡಿಪ್ಲೊಮಾ 4 ವರ್ಷ, ಕೊನೆಯ ವರ್ಷವೆಲ್ಲ ಕಾರ್ಖಾನೆಯಲ್ಲೇ ತರಬೇತಿ. ಪಾಠ ಹೇಳುವುದೇ ಸೇರುತ್ತದೆ ಅಂತಾದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದವರಿಗೆ ವಿಜ್ಞಾನ ಪದವಿ, ಬಿಎಡ್ ಎರಡೂ ಸೇರಿ 4 ವರ್ಷದ ಕೋರ್ಸಿದೆ. ಇದ್ಯಾವುದೂ ಅವಳ ಕಿವಿಗೆ ಬಿದ್ದಿರಲಾರದು. ನಿಮ್ಮ ಬೀದಿಯಲ್ಲಿ ಓಡಾಡುವ ಮಾತೆಲ್ಲ ನೀಟ್, ಸಿಇಟಿ, ಕೋಚಿಂಗ್ ಇಷ್ಟೇ ತಾನೇ.

ಕಾಲೇಜು ಶುರುವಾಗಲು ಇನ್ನೂ ಕೆಲವು ದಿನ ಇದೆ. ಸಂತೆಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ವಾರ ಕೂರಲಿ. ಹೆಣ್ಣುಮಗು ಅಂತ ಹಿಂಜರಿಯಬೇಡ, ಅಂಗಡಿಯವರು ನನಗೆ ಬೇಕಾದವರು, ನಾನೇ ಮಾತಾಡುತ್ತೇನೆ. ಸಂಜೆ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗನಿಗೆ ಗಣಿತ ಹೇಳಿಕೊಡಲಿ. ಅವನು ನಾಲ್ಕು ಸಲ ಹೇಳಿದರೂ ತಪ್ಪು ಮಾಡುವವನಂತೆ, ಅಂಥವನೇ ಬೇಕು. ರಾತ್ರಿ ಅವಳನ್ನು ‘ಇಷ್ಟ ಆಯ್ತಾ’ ಅಂತ ಕೇಳಬೇಡ. ನಿನ್ನ ಮನಸ್ಸಿಗೆ ಹಿತವಾಗುವ ಉತ್ತರ ಕೊಡುತ್ತಾಳೆ, ಹೆಣ್ಣುಮಕ್ಕಳು ಅಪ್ಪನ ಮುಖ ನೋಡಿಯೇ ಮಾತಾಡುವುದು. ‘ಇವತ್ತು ಏನು ನೋಡಿದೆ’ ಅಂತಷ್ಟೇ ಕೇಳು, ಆಮೇಲೆ ಸುಮ್ಮನೆ ಕೂರು. ಯಾವುದನ್ನು ಹೇಳುವಾಗ ಊಟ ಮರೆಯುತ್ತಾಳೆ ಅಂತ ನಿನಗೇ ಕಾಣುತ್ತದೆ.

ಅಪ್ಲಿಕೇಶನ್ ತಂದಿಟ್ಟುಕೋ, ಬೇಡ ಅನ್ನುವುದಿಲ್ಲ. ಕಾಂಬಿನೇಶನ್ ಕಾಲಂ ಮಾತ್ರ ಅವಳ ಕೈಯಲ್ಲೇ ಬರೆಸು.

ಮುಂದಿನ ಭಾನುವಾರ ಬರುತ್ತೇನೆ. ಹಳೇ ಪುಸ್ತಕ ರದ್ದಿಗೆ ಹಾಕುವ ಕಾಲ ಇದು. ಆ ನೋಟ್‌ಬುಕ್ಕಿನ ಕೊನೆಯ ಹಾಳೆ ನಾನು ಮತ್ತೊಮ್ಮೆ ನೋಡಬೇಕು, ಎತ್ತಿಟ್ಟಿರಲು ಹೇಳು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಹಳೇ ಬೆಂಚಿನ ಗೆಳೆಯ